ಎರಡನೇ ಬ್ರೇಕ್

ಅವನ ಕಾಲು ಮುರಿಯಬೇಕು ಅನ್ನಿಸಿದ ದಿನವೇ ನಾನು ಅವನ ಮುಖವನ್ನು ಸರಿಯಾಗಿ ನೋಡಿದ್ದು.

ಒಂಬತ್ತು ವರ್ಷದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಮತ್ತೆ ಕೆಲಸಕ್ಕೆ ಹೋದ ಮೊದಲ ಬೆಳಗ್ಗೆ. ಅದೇ ಯಜಮಾನರು, ಅದೇ ಮೇಜು, ಗೋಡೆಯ ಮೇಲೆ ಬಣ್ಣ ಮಾಸಿದ ಅದೇ ಟ್ರಾಫಿಕ್ ಚಿಹ್ನೆಗಳು. ಅವರು ನನ್ನನ್ನು ನೋಡಿದ ರೀತಿ ಮಾತ್ರ ಹೊಸದು. ಬಹಳ ಕಾಲ ಶೆಡ್ಡಿನಲ್ಲಿ ನಿಂತ ಗಾಡಿ ಸ್ಟಾರ್ಟ್ ಆಗುತ್ತೋ ಇಲ್ಲವೋ ಎಂದು ನೋಡುತ್ತಾರಲ್ಲ, ಹಾಗೆ.

"ಬೇಜಾರು ಮಾಡ್ಕೋಬೇಡಮ್ಮಾ. ಒಂದು ಸಣ್ಣ ಟೆಸ್ಟ್. ನಮ್ಮ ಮೇಷ್ಟ್ರು ಪಕ್ಕದಲ್ಲಿ ಕೂತಿರ್ತಾರೆ, ಊರೊಳಗೆ ಒಂದು ರೌಂಡ್ ಹೊಡ್ಕೊಂಡು ಬಾ."

"ನಾನು ಕಲಿಸಿದವರು ಈಗ ಲಾರಿ ಓಡಿಸ್ತಿದ್ದಾರೆ ಸಾರ್."

"ಅವರು ಓಡಿಸ್ತಿದ್ದಾರೆ. ನೀನು ಓಡಿಸಿ ತುಂಬಾ ದಿನ ಆಯ್ತಲ್ಲ."

ಆ ಮೇಷ್ಟ್ರು ನಾನು ಬಿಟ್ಟ ಮೇಲೆ ಸೇರಿದವನು. ನಲವತ್ತು ದಾಟಿದ, ತೆಳ್ಳಗಿನ, ಕನ್ನಡಕದ ಮನುಷ್ಯ. ಕಲಿಯಲು ಬಂದವರಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: ನಿಧಾನ, ನಿಧಾನ. ಅದಕ್ಕೇ ಎಲ್ಲರೂ ಅವನನ್ನು ನಿಧಾನ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು.

ಕಲಿಸುವ ಕಾರಿನಲ್ಲಿ ಬ್ರೇಕ್ ಎರಡು ಇರುತ್ತವೆ. ಓಡಿಸುವವರ ಕಾಲಡಿ ಒಂದು, ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ ಇನ್ನೊಂದು. ಒಳಗಿನ ಕನ್ನಡಿಯೂ ಎರಡು. ಒಂಬತ್ತು ವರ್ಷ ನಾನು ಎರಡನೇ ಬ್ರೇಕಿನ ಸೀಟನ್ನೇ ನೆನೆಸಿಕೊಂಡು ಬದುಕಿದ್ದೆ. ಇವತ್ತು ಅಲ್ಲಿ ಇವನು.

ಮೊದಲ ಸರ್ಕಲ್ ಚೆನ್ನಾಗಿಯೇ ದಾಟಿದೆ. ಎರಡನೆಯದರಲ್ಲಿ ಸೈಕಲ್ಲಿನವನೊಬ್ಬ ಆ ಕಡೆ ಈ ಕಡೆ ನೋಡದೆ ನುಗ್ಗಿದ. ನಾನು ಅವನನ್ನು ಆಗಲೇ ನೋಡಿದ್ದೆ, ಬ್ರೇಕಿಗೆ ಕಾಲನ್ನೂ ಎತ್ತಿದ್ದೆ. ಅಷ್ಟರಲ್ಲಿ ಕಾರು ಗಕ್ಕನೆ ನಿಂತಿತು. ನಿಲ್ಲಿಸಿದ್ದು ನಾನಲ್ಲ.

ಹ್ಯಾಂಡ್‌ಬ್ರೇಕ್ ಎಳೆದೆ. ಕೀಲಿ ಕಿತ್ತು ಮಡಿಲಲ್ಲಿ ಇಟ್ಟುಕೊಂಡೆ.

"ಯಾಕೆ ಹಾಕಿದ್ರಿ?"

"ಸೈಕಲ್ ಬಂತು ಮೇಡಂ."

"ನನಗೂ ಎರಡು ಕಣ್ಣಿವೆ."

"ಅಭ್ಯಾಸ. ಬಸ್ಸಲ್ಲಿ ಟಿಕೆಟ್ ತಗೊಂಡು ಕೂತ್ರೂ ನನ್ನ ಕಾಲು ಸುಮ್ನಿರಲ್ಲ."

"ಇನ್ನೊಂದು ಸಲ ಒತ್ತಿದ್ರೆ ಆ ಕಾಲು ನಿಮ್ಮ ಜೊತೆ ಮನೆಗೆ ಬರಲ್ಲ."

ಹಿಂದೆ ನಾಲ್ಕಾರು ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಒಬ್ಬ ತನ್ನ ಕಿಟಕಿಯಿಂದ ತಲೆ ಹೊರಹಾಕಿ ಬೈಯುತ್ತಿದ್ದ. ಹೊಡಕೊಳ್ಳಲಿ ಎಂದು ನಾನು ಕೂತೇ ಇದ್ದೆ. ಆಗ ಆ ಮನುಷ್ಯ ಏನು ಮಾಡಿದ ಅಂದರೆ, ನಿಧಾನವಾಗಿ ಚಪ್ಪಲಿ ಬಿಚ್ಚಿ, ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿ ಚಕ್ಕಳಮಕ್ಕಳ ಹಾಕಿಕೊಂಡು ಕೂತ.

"ಈಗ ಹೊರಡಿ ಮೇಡಂ."

ಹೊರಟೆ. ಮುಖ ಗಂಟು ಹಾಕಿಕೊಂಡೇ ಹೊರಟೆ. ಆದರೆ ಕಣ್ಣಿಗೆ ಬುದ್ಧಿ ಇಲ್ಲ, ಅದು ಎರಡನೇ ಕನ್ನಡಿಯ ಕಡೆ ಹೋಯಿತು. ಮೇಷ್ಟ್ರ ಕನ್ನಡಿ ಹಿಂದಿನ ರಸ್ತೆ ತೋರಿಸಬೇಕು. ಅದರಲ್ಲಿ ನನಗೆ ಅವನ ಕಣ್ಣು ಕಂಡವು, ತುಟಿ ನಗದಿದ್ದರೂ ನಗುತ್ತಿದ್ದ ಕಣ್ಣು. ನನಗೆ ಅವನ ಕಣ್ಣು ಕಂಡರೆ ಅವನಿಗೆ ಕಾಣುತ್ತಿದ್ದುದು ರಸ್ತೆಯಲ್ಲ, ನನ್ನ ಮುಖ. ಇಷ್ಟು ಲೆಕ್ಕ ಯಾವ ಡ್ರೈವರಿಗೂ ಗೊತ್ತು.

ವಾಪಸ್ ಬಂದ ಮೇಲೆ ಅವನು ಯಜಮಾನರಿಗೆ ಹೇಳಿದ್ದು ಕೇಳಿಸಿತು. "ನನಗಿಂತ ಚೆನ್ನಾಗಿ ಓಡಿಸ್ತಾರೆ ಸಾರ್. ಹಾರ್ನ್ ಕೆಟ್ಟರೂ ಚಿಂತೆ ಇಲ್ಲ, ಅವರ ಗಂಟಲಿದೆ."

* * *

ಮನೆಯಲ್ಲಿ ನಾವು ಮೂರು ಜನ. ನಾನು, ನನ್ನ ಅತ್ತೆ, ನನ್ನ ಮಗಳು ಗಿಣಿ.

ಹುಟ್ಟುವಾಗ ಉಸಿರು ಸಿಗದೆ ಗಿಣಿಯ ಮೆದುಳಿಗೆ ಪೆಟ್ಟಾಯಿತು. ಕೈಕಾಲು ಅವಳ ಮಾತು ಕೇಳುವುದಿಲ್ಲ, ನಾಲಿಗೆಯೂ ಕೇಳುವುದಿಲ್ಲ. ತಲೆ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ಮಾತಾಡದ ಮಗುವಿಗೆ ಗಿಣಿ ಅಂತ ಯಾಕೆ ಕರೀತೀಯಾ ಎಂದು ಎಷ್ಟು ಜನ ಕೇಳಿದ್ದಾರೋ. ಅವಳು ದಿನವಿಡೀ ಮಾತಾಡುತ್ತಾಳೆ. ಹೂಂ ಅನ್ನಲು ಕಣ್ಣನ್ನು ಮೇಲೆತ್ತುತ್ತಾಳೆ, ಬೇಡ ಅನ್ನಲು ಗಟ್ಟಿಯಾಗಿ ಮುಚ್ಚುತ್ತಾಳೆ, ಬೈಯಬೇಕಾದರೆ ತಲೆಯನ್ನೇ ಆ ಕಡೆ ತಿರುಗಿಸುತ್ತಾಳೆ. ಕೇಳಿಸಿಕೊಳ್ಳದವರದ್ದು ಅವರ ಹಣೆಬರಹ.

ಅವಳಿಗೆ ಎರಡು ತುಂಬಿದಾಗ ನನ್ನ ಗಂಡ ಮನೆ ಬಿಟ್ಟ, ಅವಳನ್ನು ನೋಡಿಕೊಳ್ಳಲು ನಾನು ಕೆಲಸ ಬಿಟ್ಟೆ. ಅವನದ್ದು ಈಗ ಬೇರೆ ಊರಲ್ಲಿ, ಬೇರೆ ಸಂಸಾರ. ಅವನ ತಾಯಿ ಹೋಗಲಿಲ್ಲ. ಯಾರಾದರೂ ಕೇಳಿದರೆ ಅತ್ತೆ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಾರೆ: "ಓಡೋನು ಓಡಿದ. ನನಗೆ ಮಂಡಿನೋವು, ಓಡೋಕಾಗಲ್ಲ. ಇಲ್ಲೇ ಇದ್ದೀನಿ."

ಈಗ ಗಿಣಿಗೆ ಹನ್ನೊಂದು. ಅವಳಂಥ ಮಕ್ಕಳ ಶಾಲೆಯೊಂದು ಕೊನೆಗೂ ಸಿಕ್ಕಿತು. ಬೆಳಗ್ಗೆ ವ್ಯಾನ್ ಬಂದು ಕರೆದುಕೊಂಡು ಹೋಗುತ್ತದೆ, ಮಧ್ಯಾಹ್ನ ತಂದು ಬಿಡುತ್ತದೆ. ಅತ್ತೆಯ ಕೈಯಲ್ಲಿ ಅವಳನ್ನು ಎತ್ತಲು ಆಗುವುದಿಲ್ಲ, ಹಾಗಾಗಿ ವ್ಯಾನ್ ಬರುವ ಹೊತ್ತಿಗೆ ನಾನು ಬಾಗಿಲಲ್ಲಿ ಇರಬೇಕು. ಇಷ್ಟನ್ನು ಯಜಮಾನರ ಹತ್ತಿರ ಮೊದಲೇ ಮಾತಾಡಿಕೊಂಡಿದ್ದೆ. ಆಮೇಲೆ ಸಂಜೆಯ ಕ್ಲಾಸಿಗೆ ಮತ್ತೆ ಹೋಗುತ್ತಿದ್ದೆ.

ಪಕ್ಕದ ಮನೆಯಾಕೆಗೆ ಅದನ್ನು ಸಹಿಸಲಾಗಲಿಲ್ಲ. "ಪಾಪ, ಅಂಥ ಮಗು ಬಿಟ್ಟು ಕೆಲಸಕ್ಕೆ ಹೋಗ್ತೀರಲ್ಲ. ಅಷ್ಟೊಂದು ಕಷ್ಟನಾ?"

"ಕಷ್ಟ ಏನಿಲ್ಲ. ಸ್ಟೇರಿಂಗ್ ಹಿಡಿಯೋದು ನನಗೆ ಇಷ್ಟ. ಅದಕ್ಕೆ ಹೋಗ್ತೀನಿ."

ಆಕೆ ಮುಖವನ್ನು ಒಂದು ಥರಾ ಮಾಡಿಕೊಂಡು ಒಳಗೆ ಹೋದಳು. ತಾಯಿಯಾದವಳು ಕಷ್ಟಕ್ಕೆ ದುಡಿದರೆ ಲೋಕ ಒಪ್ಪುತ್ತದೆ. ಇಷ್ಟ ಅಂದರೆ ಮಾತ್ರ ಅದಕ್ಕೆ ಅಜೀರ್ಣವಾಗುತ್ತದೆ.

* * *

ಒಂದು ದಿನ ಶಾಲೆಗೆ ರಜೆ, ಅತ್ತೆಗೆ ಜ್ವರ. ಗಿಣಿಯನ್ನು ಕರೆದುಕೊಂಡೇ ಕೆಲಸಕ್ಕೆ ಹೋದೆ. ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು, ಬೆಲ್ಟ್ ಹಾಕಿ ಕೂರಿಸಿದೆ. ಆ ಹೊತ್ತಿನ ನನ್ನ ವಿದ್ಯಾರ್ಥಿ ನಿವೃತ್ತ ಹೆಡ್‌ಮಾಸ್ಟರು. ಜೀವಮಾನವೆಲ್ಲ ಮಕ್ಕಳನ್ನು ನಡುಗಿಸಿದ ಮನುಷ್ಯ, ಕ್ಲಚ್ ಬಿಡುವಾಗ ಈಗ ತಾವೇ ನಡುಗುತ್ತಿದ್ದರು. ಕಾರು ಕುಪ್ಪಳಿಸಿ ಆಫ್ ಆದಾಗಲೆಲ್ಲ ಹಿಂದಿನಿಂದ ಗಿಣಿ ಕೇಕೆ ಹಾಕಿ ನಗುತ್ತಿದ್ದಳು.

"ಯಾಕಮ್ಮಾ ನಗ್ತಾ ಇದೆ ಮಗು?"

"ನಿಮ್ಮ ಕ್ಲಚ್ ನೋಡಿ ಸಾರ್."

ಕ್ಲಾಸು ಮುಗಿಸಿ ಡಿಕ್ಕಿಯಿಂದ ಗಾಲಿಕುರ್ಚಿ ಇಳಿಸುತ್ತಿದ್ದೆ. ತಿರುಗಿ ನೋಡಿದರೆ ನಿಧಾನ ಮೇಷ್ಟ್ರು ಹಿಂಬಾಗಿಲು ತೆರೆದು, ಬಗ್ಗಿ, ಗಿಣಿಯ ಕಂಕುಳಿಗೆ ಕೈ ಹಾಕಿದ್ದ.

"ಕೇಳಿದ್ರಾ?" ಅಂದೆ.

"ಯಾರನ್ನ? ನಿಮ್ಮನ್ನಾ?"

"ನನ್ನನ್ನ ಯಾಕೆ ಕೇಳ್ತೀರಾ? ನಿಮ್ಮನ್ನ ಯಾರಾದ್ರೂ ಬಂದು ಹಾಗೆ ಎತ್ಕೊಂಡು ಹೋದ್ರೆ ಸುಮ್ನೆ ಇರ್ತೀರಾ? ಅವಳನ್ನ ಕೇಳಿ."

ಅವನು ಕೈ ತೆಗೆದ. ಮುಖ ಒಂದಿಷ್ಟು ಕೆಂಪಾಯಿತು. ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವಳ ಕಣ್ಣಿಗೆ ಕಣ್ಣು ಸೇರುವಂತೆ ತಲೆ ಎತ್ತಿದ. "ಗಿಣಿ ಮೇಡಂ, ನಾನು ಎತ್ತಲಾ?"

ಗಿಣಿ ಕಣ್ಣನ್ನು ಬಿಗಿಯಾಗಿ ಮುಚ್ಚಿದಳು.

"ಬೇಡ ಅಂದ್ಲು," ಅಂದೆ.

ಈಗ ಬರುತ್ತೆ ನೋಡು ಆ ಮಾತು, ಎಂದು ಹಲ್ಲು ಕಚ್ಚಿಕೊಂಡು ನಿಂತೆ. ಪಾಪ ಅನ್ನುತ್ತಾನೆ, ಇಲ್ಲವೇ ಮಗುಗೆ ಏನು ಗೊತ್ತಾಗುತ್ತೆ ಅನ್ನುತ್ತಾನೆ. ಹನ್ನೊಂದು ವರ್ಷದಲ್ಲಿ ಅದು ತಪ್ಪಿದ್ದೇ ಇಲ್ಲ. ಅವನು, "ಸರಿ ಮೇಡಂ," ಎಂದು ಅವಳಿಗೇ ಹೇಳಿ, ಕೈ ಹಿಂದೆ ಕಟ್ಟಿಕೊಂಡು ಪಕ್ಕಕ್ಕೆ ನಿಂತ. ನಾನೇ ಎತ್ತಿ ಕುರ್ಚಿಯಲ್ಲಿ ಕೂರಿಸಿದೆ. ಅವನು ಕುರ್ಚಿಯ ಗಾಲಿಯನ್ನು ಕಾಲಿನಿಂದ ಅದುಮಿ ಹಿಡಿದುಕೊಂಡ, ಅಷ್ಟೇ.

ಟೀ ಕುಡಿದು ಮತ್ತೆ ಹೊರಡುವಾಗ ಅವನು ಮತ್ತೆ ಕುಕ್ಕರುಗಾಲಲ್ಲಿ ಕೂತ. "ಈಗ?"

ಗಿಣಿ ಕಣ್ಣು ಮೇಲೆತ್ತಿದಳು. ಅವನೂ ತಲೆ ಎತ್ತಿ ಆಕಾಶ ನೋಡಿದ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ.

"ಮೇಲೆ ಏನಿದೆ?" ಎಂದು ನನ್ನನ್ನು ಕೇಳಿದ.

"ಏನೂ ಇಲ್ಲ. ಹೂಂ ಅಂದ್ಲು, ಎತ್ತಿ."

ಎತ್ತಿದ. ಒಪ್ಪವಾಗಿಯೇ ಎತ್ತಿದ. ಗಿಣಿಯ ಬಲಗೈ ತನ್ನಷ್ಟಕ್ಕೇ ಬೀಸಿ ಅವನ ಕನ್ನಡಕ ಹಾರಿ ಮಣ್ಣಿಗೆ ಬಿತ್ತು. "ಸಿಗ್ನಲ್ ಕೊಡದೆ ತಿರುಗಬಾರದು ಮೇಡಂ," ಅಂದ ಅವನು ಗಂಭೀರವಾಗಿ. ಗಿಣಿ ನಕ್ಕಳು ನೋಡಿ, ಅಂಗಳದಲ್ಲಿದ್ದವರೆಲ್ಲ ತಿರುಗಿದರು.

ಅವಳು ನಗುವಾಗ ಜೊಲ್ಲು ಸುರಿಯುತ್ತದೆ. ಅವನ ಶರ್ಟಿನ ಭುಜ ಒದ್ದೆಯಾಯಿತು. ಕರವಸ್ತ್ರ ಹುಡುಕುತ್ತಾನೆ ಎಂದುಕೊಂಡೆ. ಹುಡುಕಲಿಲ್ಲ. ಆ ಒದ್ದೆ ಭುಜದಲ್ಲೇ ಮುಂದಿನ ಕ್ಲಾಸಿಗೆ ಹೋದ, ಬಿಸಿಲಿಗೆ ಅದು ತಾನಾಗಿ ಒಣಗಿತು.

ಅವತ್ತು ರಾತ್ರಿ ಗಿಣಿಗೆ ಬಟ್ಟೆ ಬದಲಾಯಿಸುವಾಗ ನನಗೆ ಆ ಭುಜವೇ ನೆನಪಿಗೆ ಬಂತು. ಈ ವಯಸ್ಸಿಗೆ, ಇಷ್ಟೆಲ್ಲ ಕಂಡ ಮೇಲೆ, ಒಂದು ಶರ್ಟಿನ ಭುಜ ಮನಸ್ಸಿನಲ್ಲಿ ಬಂದು ಕೂರುತ್ತದೆ ಅಂದರೆ ಏನು ಹೇಳಲಿ. ನನ್ನ ಮೇಲೆ ನನಗೇ ಕೋಪ ಬಂತು.

* * *

ಆಮೇಲೆ ಸಿಗ್ನಲ್ಲುಗಳು ಚೆನ್ನಾಗಿ ಕಾಣಲು ಶುರುವಾದವು. ಕೆಂಪು ದೀಪ ಬಿದ್ದರೆ ನನ್ನ ಕಾರಿನ ಪಕ್ಕಕ್ಕೆ ಅವನ ಕಾರು ಬಂದು ನಿಲ್ಲುತ್ತಿತ್ತು. ಅವನು ನೇರ ನೋಡುತ್ತಿದ್ದ. ನಾನೂ ನೇರ ನೋಡುತ್ತಿದ್ದೆ. ದೀಪ ಹಸಿರಾಗುವ ಮುಂಚಿನ ಒಂದು ಗಳಿಗೆ ಇಬ್ಬರೂ ಒಟ್ಟಿಗೆ ಕತ್ತು ತಿರುಗಿಸುತ್ತಿದ್ದೆವು. ಅಷ್ಟೇ. ಇಡೀ ದಿನಕ್ಕೆ ಅದು ಸಾಕಾಗುತ್ತಿತ್ತು.

"ಮದುವೆ ಯಾಕೆ ಆಗ್ಲಿಲ್ಲ?" ಎಂದು ಒಂದು ದಿನ ಟೀ ಅಂಗಡಿಯ ಬೆಂಚಿನಲ್ಲಿ ಕೇಳಿಯೇಬಿಟ್ಟೆ. ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ.

"ಒಬ್ಬಳು ಇಷ್ಟ ಆಗಿದ್ಲು. ಹೇಳೋಣ, ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಆಕೆಗೆ ಎರಡು ಮಕ್ಕಳಾದವು."

ಟೀ ನನ್ನ ಮೂಗಿಗೆ ಹತ್ತಿತು. ಅವನು ನಗದೆ, ನಾನು ನಗುವುದನ್ನೇ ನೋಡುತ್ತಾ ಕೂತಿದ್ದ. ಲೋಟ ಖಾಲಿಯಾದ ಮೇಲೂ ಕುಡಿಯುವವನ ಹಾಗೆ ತುಟಿಗಿಟ್ಟುಕೊಂಡಿದ್ದ.

ಅತ್ತೆಗೆ ಎಲ್ಲವೂ ಗೊತ್ತಾಗಿತ್ತು. "ಏನೇ, ಈಚೆಗೆ ಕೆಲಸಕ್ಕೆ ಹೋಗುವಾಗ ಎರಡೆರಡು ಸಲ ತಲೆ ಬಾಚ್ತೀಯಾ?"

"ಗಾಳಿಗೆ ಕೆದರುತ್ತೆ ಅತ್ತೆ."

"ಗಾಳಿ ಮೊದಲೂ ಇತ್ತಲ್ಲ."

ಗಿಣಿ ಕಣ್ಣು ಮೇಲೆತ್ತಿದಳು. ಅವರಿಬ್ಬರೂ ಒಂದು ಪಕ್ಷ.

* * *

ಆ ಹೊತ್ತಿಗೆ ಯಜಮಾನರು ಒಂದು ಹಳೆಯ ಬಸ್ ಕೊಂಡರು. ಬಸ್ ಡ್ರೈವರ್ ಆಗಬೇಕೆಂಬ ಹೆಂಗಸರಿಗೆ ಕಲಿಸುವ ಹೊಸ ಕ್ಲಾಸ್ ಶುರುವಾಗುವುದಿತ್ತು. ಬೆಳಗಿನ ಜಾವ ರಸ್ತೆಗೆ ಜನ ಇಳಿಯುವ ಮುಂಚೆ ಪಾಠ. ನನ್ನ ಹತ್ತಿರ ದೊಡ್ಡ ಗಾಡಿಯ ಲೈಸೆನ್ಸ್ ಗಿಣಿ ಹುಟ್ಟುವ ಮುಂಚಿನಿಂದ ಇದೆ. ಆಗ ನಮ್ಮಲ್ಲಿ ದೊಡ್ಡ ಗಾಡಿ ಇರಲಿಲ್ಲ, ಲೈಸೆನ್ಸ್ ಪೆಟ್ಟಿಗೆಯಲ್ಲಿ ಮಲಗಿತ್ತು. ಪ್ರತಿ ಸಲ ಅದನ್ನು ರಿನ್ಯೂ ಮಾಡಿಸುವಾಗ ಎಲ್ಲರೂ, ಯಾಕಮ್ಮಾ ಸುಮ್ಮನೆ ಅನ್ನುತ್ತಿದ್ದರು. ಸುಮ್ಮನೆ ಅಲ್ಲ ಅಂತ ತೋರಿಸುವ ದಿನ ಬಂತು ಎಂದುಕೊಂಡೆ. ಆ ಬಸ್ಸಿನ ಮೇಲೆ ನನಗೆ ಎಷ್ಟು ಆಸೆಯಿತ್ತು ಅಂದರೆ, ಯಾರೂ ಇಲ್ಲದಾಗ ಹತ್ತಿ ಅದರ ಸ್ಟೇರಿಂಗ್ ಒರೆಸಿ ಬಂದಿದ್ದೆ.

ಯಜಮಾನರು ನನ್ನನ್ನು ಕರೆದರು. "ನಿನಗೆ ಒಳ್ಳೆ ಸುದ್ದಿ ಕಣಮ್ಮಾ. ಇನ್ನು ಮೇಲೆ ಆಫೀಸಲ್ಲಿ ಕೂತ್ಕೋ. ಫೋನ್ ನೋಡ್ಕೋ. ಬಿಸಿಲಿಲ್ಲ, ಧೂಳಿಲ್ಲ, ಮಗು ಕಡೆಗೂ ಗಮನ ಕೊಡಬಹುದು."

"ಬಸ್ ಕ್ಲಾಸ್?"

"ಅದು ಮೇಷ್ಟ್ರಿಗೆ. ಬೆಳಗಿನ ಜಾವದ ಕೆಲಸ ನಿನಗೆ ಆಗಲ್ಲ, ಮನೇಲಿ ಮಗು ಇದೆ ಅಂತ ಅವರೇ ಹೇಳಿದ್ರು. ನಿನ್ನ ಬಗ್ಗೆ ತುಂಬಾ ಕಾಳಜಿ ಅವರಿಗೆ."

ನಾನು ಹೇಗೆ ಅಂಗಳಕ್ಕೆ ಬಂದೆನೋ ಗೊತ್ತಿಲ್ಲ. ಅವನು ಕಾರಿನ ಗಾಜು ಒರೆಸುತ್ತಿದ್ದ. ಕ್ಲಾಸಿಗೆ ಬಂದವರು ಐದಾರು ಜನ ನಿಂತಿದ್ದರು. ಇರಲಿ ಎಂದುಕೊಂಡೆ.

"ಬಸ್ ಕ್ಲಾಸ್ ನನಗೆ ಬೇಡ ಅಂತ ನಿಮಗೆ ಯಾರು ಹೇಳಿದ್ರು?"

ಅವನ ಕೈಯ ಬಟ್ಟೆ ನಿಂತಿತು. "ಬೇಡ ಅಂತಲ್ಲ... ಬೆಳಗ್ಗೆ ಅಷ್ಟು ಬೇಗ ನಿಮಗೆ ತೊಂದರೆ ಆಗುತ್ತಲ್ಲ ಅಂತ. ನಿಮ್ಮ ಒಳ್ಳೇದಕ್ಕೇ..."

"ನನ್ನ ಒಳ್ಳೇದನ್ನ ನಿಮ್ಮ ಕೈಲಿ ಯಾರು ಕೊಟ್ರು? ನನ್ನ ಮಗಳು ಮುಂಜಾನೆ ಗಡದ್ದಾಗಿ ನಿದ್ದೆ ಮಾಡ್ತಾಳೆ. ಆನೆ ಬಂದು ತುಳಿದ್ರೂ ಏಳಲ್ಲ. ಇಡೀ ದಿನದಲ್ಲಿ ನಾನು ಬಿಡುವಾಗಿರೋ ಹೊತ್ತು ಅದೊಂದೇ. ಅವಳು ಏಳೋ ಹೊತ್ತಿಗೆ ನಾನು ಕ್ಲಾಸ್ ಮುಗಿಸಿ ಮನೇಲಿರ್ತೀನಿ. ಇದು ನಿಮಗೆ ಗೊತ್ತಿತ್ತಾ?"

"ಇಲ್ಲ."

"ಕೇಳಿದ್ರಾ?"

ಅವನು ಒರೆಸುವ ಬಟ್ಟೆಯನ್ನು ಮಡಚಿ ಬಾನೆಟ್ ಮೇಲಿಟ್ಟ.

"ಮಗಳನ್ನ ಎತ್ತೋ ಮುಂಚೆ ಕೇಳೋದು ಕಲಿತ್ರಿ. ಅವಳಮ್ಮನ್ನ ಎತ್ತಿ ಆಫೀಸಿನ ಕುರ್ಚಿ ಮೇಲೆ ಕೂರಿಸೋ ಮುಂಚೆ ಕೇಳಬೇಕು ಅಂತ ಹೊಳೀಲಿಲ್ವಾ? ನನ್ನ ದಾರಿಯಲ್ಲಿ ಇನ್ನೂ ಸೈಕಲ್ಲೇ ಬಂದಿರಲಿಲ್ಲ ಮೇಷ್ಟ್ರೇ. ಬರಬಹುದು ಅಂತ ಬ್ರೇಕ್ ಒತ್ತಿಬಿಟ್ರಿ."

ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಅದು ಕೋಪದ ನೀರು, ಆದರೆ ನೋಡುವವರಿಗೆ ಏನು ವ್ಯತ್ಯಾಸ ಗೊತ್ತಾಗುತ್ತೆ. ತಿರುಗಿ ನಡೆದೆ. ಬೇರೆ ಯಾರು ಹಾಗೆ ಮಾಡಿದ್ದರೂ ಬೈದು ಮರೆತುಬಿಡುತ್ತಿದ್ದೆ. ಇವನು ಮಾಡಿದ್ದಕ್ಕೆ ಇಷ್ಟು ನೋವಾಯಿತಲ್ಲ, ಅದೇ ನನ್ನ ಹೊಟ್ಟೆ ಉರಿಸಿತು.

* * *

ನೇರ ಯಜಮಾನರ ಮುಂದೆ ನಿಂತೆ. "ಫೋನಿಗೆ ಬೇರೆ ಯಾರನ್ನಾದ್ರೂ ಕೂರಿಸಿ. ನನಗೆ ಬಸ್ ಕ್ಲಾಸ್ ಬೇಕು."

"ಅಲ್ಲಮ್ಮಾ, ಮಗುನ ಯಾರು ನೋಡ್ಕೋತಾರೆ?"

"ನಿಮಗೆ ಮೂರು ಮಕ್ಕಳು. ಅವರನ್ನ ಯಾರು ನೋಡ್ಕೊಂಡ್ರು ಅಂತ ನಾನು ಒಂದು ದಿನ ಕೇಳಿದ್ದೀನಾ ಸಾರ್?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಅವನು ಬಂದು ನಿಂತ. "ಸಾರ್, ನಾನು ತಿಳೀದೆ ಮಾತಾಡಿದ್ದು. ತಪ್ಪು ನಂದು. ಕ್ಲಾಸ್ ಅವರಿಗೇ ಕೊಡಿ, ನಾನು ಬಿಟ್ಟುಕೊಡ್ತೀನಿ."

"ಬಿಟ್ಟುಕೊಡೋಕೆ ಅದೇನು ನಿಮ್ಮ ಮನೆ ಜಗಲಿನಾ?" ಅಂದೆ. "ನೀವು ಬಿಟ್ಟಿದ್ದು ನನಗೆ ಬೇಡ. ಇಬ್ಬರೂ ಒಂದೊಂದು ಪಾಠ ಮಾಡಿ ತೋರಿಸೋಣ. ಸಾರ್ ನೋಡ್ಲಿ. ಯಾರು ಚೆನ್ನಾಗಿ ಕಲಿಸ್ತಾರೋ ಅವರಿಗೆ. ನೀವು ಬೇಕಂತ ಸೋತ್ರೆ ನಿಮ್ಮ ಮುಖ ನೋಡಲ್ಲ."

ಅವನು ನನ್ನನ್ನೇ ನೋಡಿದ. "ಸೋಲಲ್ಲ," ಅಂದ.

ಮರುದಿನ ಬೆಳಗ್ಗೆ ಮೈದಾನದಲ್ಲಿ ಡ್ರಮ್ಮುಗಳನ್ನು ಎರಡು ಸಾಲಾಗಿ ಇಟ್ಟರು. ಬಸ್ಸನ್ನು ಅವುಗಳ ನಡುವೆ ಹಿಂದಕ್ಕೆ ತೆಗೆದುಕೊಳ್ಳಬೇಕು. ಓಡಿಸುವುದು ನಾವಲ್ಲ, ಕಲಿಯಲು ಬಂದ ಹೆಂಗಸರು. ನಾವು ಪಕ್ಕದಲ್ಲಿ ಕೂತು ಹೇಳಬೇಕು. ಅದೊಂದು ಹಳೆಯ ಬಸ್, ಎರಡನೇ ಬ್ರೇಕ್ ಅದಕ್ಕೆ ಇನ್ನೂ ಹಾಕಿಸಿರಲಿಲ್ಲ.

ಮೊದಲು ಅವನು. ಎತ್ತರದ ಹೆಂಗಸೊಬ್ಬಳು ಸ್ಟೇರಿಂಗ್ ಹಿಡಿದಳು. ಅವನು ಒಳ್ಳೆಯ ಮೇಷ್ಟ್ರು, ಅದನ್ನು ನಾನು ಯಾವತ್ತೂ ಇಲ್ಲ ಅನ್ನುವುದಿಲ್ಲ. ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದ. ಬಸ್ ಅರ್ಧ ಚೆನ್ನಾಗಿ ಬಂತು. ಆಮೇಲೆ ಹಿಂದಿನ ಮೂಲೆ ಡ್ರಮ್ಮಿನ ಕಡೆ ವಾಲಿತು. ಅವನು ನಿಲ್ಲಿಸು ಅನ್ನಲಿಲ್ಲ. ಅವನ ಕಾಲು ಧಡ್ ಎಂದು ನೆಲಕ್ಕೆ ಬಿದ್ದ ಸದ್ದು ಹೊರಗಿದ್ದ ನನಗೂ ಕೇಳಿಸಿತು. ಬಾಯಿ ಹೇಳಬೇಕಾದ್ದನ್ನು ಕಾಲು ಹೇಳಿತ್ತು. ಅಲ್ಲಿ ಬರಿಯ ತಗಡು. ಡ್ರಮ್ ಮಗುಚಿ ಉರುಳಿಕೊಂಡು ಯಜಮಾನರ ಕುರ್ಚಿಯವರೆಗೂ ಹೋಯಿತು.

ಆಮೇಲೆ ನಾನು. ನನಗೆ ಸಿಕ್ಕಿದವಳು ಸಣ್ಣ ಆಳು, ಸೀಟಿನ ತುದಿಗೆ ಬಂದರೂ ಅವಳ ಕಾಲು ಕಷ್ಟಪಟ್ಟು ಪೆಡಲಿಗೆ ಎಟುಕುತ್ತಿತ್ತು. ಹೆದರಿ ಬೆವತುಹೋಗಿದ್ದಳು.

"ನೋಡು, ಭಯ ಆದ್ರೆ ನೀನೇ ನಿಲ್ಲಿಸು. ನಾನು ನಿಲ್ಲಿಸಲ್ಲ. ಎಷ್ಟು ಸಲ ಬೇಕಾದ್ರೂ ನಿಲ್ಲಿಸು, ಯಾರೂ ಬೈಯಲ್ಲ. ಬೈದ್ರೆ ನಾನಿದ್ದೀನಿ."

ಅವಳು ನಿಲ್ಲಿಸಿದಳು, ಹೊರಟಳು, ಮತ್ತೆ ನಿಲ್ಲಿಸಿದಳು. ನನ್ನ ಕಾಲೂ ಒತ್ತಲು ಹೊರಟಿತ್ತು. ಸುಳ್ಳು ಹೇಳುವುದಿಲ್ಲ. ಎರಡೂ ಕೈಯಲ್ಲಿ ಮಂಡಿಯನ್ನು ಅದುಮಿ ಹಿಡಿದೆ. ಹಾಗೆ ಹಿಡಿಯುವುದನ್ನು ನಾನು ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಕಲಿಯಲಿಲ್ಲ. ಗಿಣಿ ತಾನೇ ಚಮಚ ಹಿಡಿದು ಬಾಯಿಗೆ ತಂದುಕೊಳ್ಳಲು ಒದ್ದಾಡುತ್ತಾಳೆ. ಕೆನ್ನೆಗೆ ತಾಗುತ್ತದೆ, ಮೂಗಿಗೆ ತಾಗುತ್ತದೆ, ಅರ್ಧ ಚೆಲ್ಲುತ್ತದೆ. ಪಕ್ಕದಲ್ಲಿ ಕೂತು, ಕೈ ಹಿಡಿಯದೆ, ಉಸಿರು ಬಿಗಿಹಿಡಿದು ನೋಡಬೇಕು. ಒಂಬತ್ತು ವರ್ಷ ಇವಳು ಮನೆಯಲ್ಲಿ ಸುಮ್ಮನೆ ಕೂತಿದ್ದಳು ಅನ್ನುವವರು ಒಂದು ಊಟದ ಹೊತ್ತು ಬಂದು ಹಾಗೆ ಕೂತು ತೋರಿಸಲಿ.

ಬಸ್ ಒಂದು ಡ್ರಮ್ಮನ್ನೂ ಮುಟ್ಟದೆ ಒಳಗೆ ಬಂದು ನಿಂತಿತು. ಆ ಹುಡುಗಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತಳು.

"ನಾಳೆಯಿಂದ ನೀನೇ ಬಾಮ್ಮಾ," ಅಂದರು ಯಜಮಾನರು, ಡ್ರಮ್ಮನ್ನು ಕಾಲಿನಿಂದ ಆಚೆ ತಳ್ಳುತ್ತಾ.

ಅವನು ದೂರದಲ್ಲಿ ನಿಂತಿದ್ದ. ಹತ್ತಿರ ಬಂದು, "ಬೇಕಂತ ಸೋಲಲಿಲ್ಲ," ಅಂದ.

"ಗೊತ್ತು. ಸದ್ದು ಕೇಳಿಸ್ತು."

ಅವನು ನಗಲು ನೋಡಿದ, ಆಗಲಿಲ್ಲ. ತಲೆ ತಗ್ಗಿಸಿ ಹೋದ.

* * *

ನಾನು ಗೆದ್ದೆ. ಬೆಳಗಿನ ಜಾವ ಖಾಲಿ ರಸ್ತೆ, ದೊಡ್ಡ ಗಾಡಿ, ಐದು ಜನ ಗಟ್ಟಿ ಹೆಂಗಸರು. ಮನೆಗೆ ಬರುವಷ್ಟರಲ್ಲಿ ಗಿಣಿ ಆಗಷ್ಟೇ ಕಣ್ಣು ಬಿಡುತ್ತಿದ್ದಳು. ಎಲ್ಲ ನಾನು ಅಂದುಕೊಂಡ ಹಾಗೇ ನಡೆಯಿತು.

ಅವನು ಮಾತ್ರ ಬದಲಾದ. ಎದುರು ಬಂದರೆ ನಮಸ್ಕಾರ ಮೇಡಂ, ಅಷ್ಟೇ. ಬೆಂಚಿನಲ್ಲಿ ಆ ತುದಿಗೆ ಕೂರುತ್ತಿದ್ದ. ಕೆಂಪು ದೀಪದಲ್ಲಿ ಪಕ್ಕಕ್ಕೆ ಬರದೆ ಹಿಂದೆಯೇ ಉಳಿಯುತ್ತಿದ್ದ. ಒಂದು ದಿನ ಅವನ ಕಾರನ್ನು ನಾನು ತೆಗೆದುಕೊಂಡು ಹೋಗಬೇಕಾಯಿತು. ಕೂತು ಮೇಷ್ಟ್ರ ಕನ್ನಡಿ ನೋಡಿದೆ. ಅದು ನೆಟ್ಟಗೆ ರಸ್ತೆಯನ್ನು ತೋರಿಸುತ್ತಿತ್ತು. ಬರಿಯ ರಸ್ತೆ.

ಈಗ ಈ ಮನುಷ್ಯ ತನಗೆ ತಾನೇ ಬ್ರೇಕ್ ಹಾಕಿಕೊಂಡಿದ್ದಾನೆ. ನನ್ನನ್ನು ಕೇಳದೆ. ಮತ್ತೆ.

ಶನಿವಾರ ಸಂಜೆ ಅವನು ಕಾರಿಗೆ ಬೀಗ ಹಾಕುತ್ತಿದ್ದಾಗ ಹೋಗಿ ನಿಂತೆ. "ನಾಳೆ ಮನೆಗೆ ಬನ್ನಿ."

ಅವನು ಗಾಬರಿಯಾದ. "ಏನಾದ್ರೂ ಕೆಲಸ ಇತ್ತಾ?"

"ಇದೆ. ಹತ್ತು ಗಂಟೆಗೆ ಬನ್ನಿ."

ಬಂದ. ಗೇಟಿನ ಹತ್ತಿರ ನಿಂತವನನ್ನು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಕೈಯಲ್ಲಿ ಸ್ಪ್ಯಾನರುಗಳ ಚೀಲ, ಇನ್ನೊಂದು ಕೈಯಲ್ಲಿ ಎಣ್ಣೆ ಡಬ್ಬಿ. ಒಗೆದು ಇಸ್ತ್ರಿ ಮಾಡಿದ ಶರ್ಟಿನ ತೋಳನ್ನು ಮೊಣಕೈವರೆಗೂ ಮಡಚಿದ್ದ, ರಿಪೇರಿಗೆ ಬಂದವನ ಹಾಗೆ.

"ಏನು ಕೆಟ್ಟಿದೆ ಮೇಡಂ? ಗಾಲಿಕುರ್ಚಿನಾ?"

"ಏನೂ ಕೆಟ್ಟಿಲ್ಲ. ಈ ಮನೆಯಲ್ಲಿ ಕೆಟ್ಟಿರೋದು ಏನೂ ಇಲ್ಲ."

"ಮತ್ತೆ... ಬೆಳಗ್ಗೆ ನೀವು ಬಸ್ಸಿಗೆ ಹೋಗುವಾಗ ಇಲ್ಲಿ ಯಾರಾದ್ರೂ ಬೇಕಾ? ಮಧ್ಯಾಹ್ನ ವ್ಯಾನ್ ಬಂದಾಗ ಎತ್ತೋಕೆ? ಕೇಳ್ತಾ ಇದ್ದೀನಿ ಅಷ್ಟೇ. ಬೇಡ ಅಂದ್ರೆ ಬೇಡ."

"ಬೇಡ. ಎತ್ತೋಕೆ ನನ್ನ ಎರಡು ಕೈ ಸಾಕು. ಆಳು ಬೇಕಾದ್ರೆ ಆಳನ್ನ ಕರೀತೀನಿ. ನಿಮ್ಮನ್ನ ಅದಕ್ಕೆ ಕರೆದಿಲ್ಲ."

"ಮತ್ತೆ ಯಾಕೆ ಕರೆದ್ರಿ?"

"ನೋಡಬೇಕು ಅನ್ನಿಸ್ತು."

ಅವನು ಎಣ್ಣೆ ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡ.

"ನಾನು ಒಂದೇ ಸಲ ಹೇಳ್ತೀನಿ," ಅಂದೆ. ನನ್ನ ದನಿ ಯಾವಾಗಲೂ ಇರುವಷ್ಟೇ ದೊಡ್ಡದಾಗಿತ್ತು, ಬಹುಶಃ ಇನ್ನೂ ಸ್ವಲ್ಪ ದೊಡ್ಡದಾಗಿತ್ತು. "ನನಗೆ ನೀವು ಬೇಕು. ಆಸರೆಗೆ ಅಲ್ಲ, ನನ್ನ ಮಗಳಿಗೆ ಅಪ್ಪ ಬೇಕು ಅಂತಲೂ ಅಲ್ಲ, ಅವಳಿಗೆ ನಾನಿದ್ದೀನಿ. ನೀವು ನನ್ನ ಪಕ್ಕ ಕೂತ್ರೆ ನನಗೆ ಹಿತ ಆಗುತ್ತೆ, ಅದಕ್ಕೆ. ನನ್ನ ಮೇಲೆ ಕನಿಕರ ಇದ್ರೆ ಹಾಗೇ ತಿರುಗಿ ಹೋಗಿಬಿಡಿ. ಬೇರೆ ಏನಾದ್ರೂ ಇದ್ರೆ ನಿಲ್ಲಿ."

ಪಕ್ಕದ ಮನೆಯ ಕಿಟಕಿಯ ಪರದೆ ಒಂದು ಬೆರಳಷ್ಟು ಸರಿಯಿತು. ಎದುರು ಮನೆಯಲ್ಲಿ ಬಟ್ಟೆ ಹಿಂಡುತ್ತಿದ್ದವರು ಹಿಂಡುವುದನ್ನು ನಿಲ್ಲಿಸಿದರು.

ಅವನು ಹೋಗಲಿಲ್ಲ. ಚೀಲವನ್ನು ಗೇಟಿನ ಪಕ್ಕ ನೆಲಕ್ಕಿಟ್ಟ. ಅದರ ಪಕ್ಕ ಎಣ್ಣೆ ಡಬ್ಬಿ. ಮಡಚಿದ ತೋಳನ್ನು ಒಂದೊಂದಾಗಿ ಇಳಿಸಿ ಗುಂಡಿ ಹಾಕಿಕೊಂಡ.

"ಕನಿಕರನಾ?" ಅಂದ. "ನಿಮ್ಮನ್ನ ಕಂಡ್ರೆ ನನಗೆ ಹೆದರಿಕೆ ಆಗುತ್ತೆ. ಒಂದು ದಿನ ಕಾಣದಿದ್ರೆ ಅದಕ್ಕಿಂತ ಹೆದರಿಕೆ ಆಗುತ್ತೆ. ಇದಕ್ಕೆ ಏನಂತಾರೋ ನಿಮಗೇ ಗೊತ್ತು."

ನನಗೆ ಗೊತ್ತಿತ್ತು.

ಒಳಗಿನಿಂದ ಅತ್ತೆಯ ದನಿ ಬಂತು. "ಏನೇ, ಒಳಗೆ ಕೂರಿಸಿ ಮಾತಾಡ್ಬಾರ್ದಾ? ಬೀದಿಗೆಲ್ಲ ಕೇಳಿಸ್ತಾ ಇದೆ."

"ಕೇಳಿಸ್ಲಿ ಬಿಡಿ ಅತ್ತೆ," ಅಂದೆ. ಆಮೇಲೆ ಅವನ ಕಡೆ ತಿರುಗಿ ಗೇಟು ಪೂರ್ತಿ ತೆರೆದೆ. "ಒಳಗೆ ಬಾ."